ಎರಡು ಹಂತದ ಸ್ನೋ ಬ್ಲೋವರ್: ಕೊಂಡಿದ್ದಕ್ಕೆ ಖುಷಿ, ಒಂದು ಬೆಳಗ್ಗೆ ಬಿಟ್ಟು

ಡಿಸೆಂಬರ್ ಮೊದಲ ವಾರ ನಮ್ಮ ಗ್ಯಾರೇಜಿಗೆ ಹೊಸ ಟೂ ಸ್ಟೇಜ್ ಸ್ನೋ ಬ್ಲೋವರ್, ಅಂದರೆ ಅಂಗಳದಲ್ಲಿ ಬಿದ್ದ ಹಿಮವನ್ನು ಎತ್ತಿ ಪಕ್ಕಕ್ಕೆ ಎಸೆಯುವ ಯಂತ್ರ, ಬಂತು. 24 ಇಂಚು ಅಗಲದ್ದು, ಪೆಟ್ರೋಲ್ ಎಂಜಿನ್. ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಎರಡು ಹಿಡಿ, ಹಿಡಿಗೊಂದು ಲಿವರ್, ಎರಡು ದಪ್ಪ ಚಕ್ರ, ಮುಂದೆ ತಿರುಗುವ ಹಲ್ಲು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಇದು ಟಿಲ್ಲರ್ ಅಲ್ವೇನೋ? ಅಲ್ಲೆಲ್ಲಿ ಗದ್ದೆ ಮಾಡ್ತೀಯ?" ಅಂದರು.

ಅಪ್ಪನ ಮಾತು ಪೂರ್ತಿ ತಪ್ಪಲ್ಲ. ಈ ಯಂತ್ರದ ಮೂಲಪುರುಷ ಕೆನಡಾದ ಕ್ವಿಬೆಕ್‌ನ ಆರ್ಥರ್ ಸಿಕಾರ್. ಹೊಲದಲ್ಲಿ ಒಕ್ಕಣೆ ಯಂತ್ರ ನೋಡಿ ಅವನಿಗೆ ಇದು ಹೊಳೆಯಿತು ಅಂತಾರೆ. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಒಂದು ಊರಿಗೆ ಮೊದಲನೆಯದನ್ನು ಮಾರಿದ. ನನ್ನ ಮಿಶನ್ ಅದರ ಮರಿಮೊಮ್ಮಗ.

ನಾವಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ದಕ್ಷಿಣಕ್ಕೆ, ಈರಿ ಸರೋವರಕ್ಕೆ ಹತ್ತಿರ. ಇಲ್ಲಿ ಸ್ನೋ ಸುಮ್ನೆ ಆಕಾಶದಿಂದ ಬೀಳುವುದಲ್ಲ, ಸರೋವರ ಕಳಿಸುವುದು. ಸರೋವರ ಇನ್ನೂ ಹೆಪ್ಪುಗಟ್ಟಿರುವುದಿಲ್ಲ, ಮೇಲೆ ಕೊರೆಯುವ ಗಾಳಿ ಬೀಸುತ್ತದೆ. ಆ ಗಾಳಿ ನೀರಿನ ಪಸೆ ಹೀರಿಕೊಂಡು ಬಂದು ಒಂದು ಪಟ್ಟಿಯ ಹಾಗೆ ನಮ್ಮ ಮೇಲೆ ಸುರಿಯುತ್ತದೆ. ಪಟ್ಟಿಯ ಒಳಗಿದ್ದರೆ ಮುಗಿಯಿತು. ಅರ್ಧ ಗಂಟೆ ಕಾರು ಓಡಿಸಿ ಉತ್ತರಕ್ಕೆ ಹೋದರೆ ಅಲ್ಲಿ ಬಿಸಿಲು. 2022ರ ನವೆಂಬರ್‌ನಲ್ಲಿ ಇಲ್ಲೇ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಕಡೆ 80 ಇಂಚಿನಷ್ಟು ಬಿತ್ತು. ಆ ವಾರದ ನಮ್ಮೂರ ಫುಟ್‌ಬಾಲ್ ತಂಡ ಬಫಲೋ ಬಿಲ್ಸ್‌ನ ಪಂದ್ಯವನ್ನೇ ಡೆಟ್ರಾಯಿಟ್‌ಗೆ ಎತ್ತಿ ಹಾಕಿದರು. ನಮ್ಮ ಮನೆಯನ್ನು ಎತ್ತಿ ಹಾಕುವವರು ಯಾರೂ ಇರಲಿಲ್ಲ.

ಹೀಗಾಗಿ ನಾಲ್ಕು ದಾರಿ ನೋಡಿದ್ದೇನೆ. ಮುಂದೆ ಅಲಗು ಕಟ್ಟಿಕೊಂಡು ಸ್ನೋ ತಳ್ಳುವ ಪ್ಲೋ ಟ್ರಕ್ಕಿನವರ ಕಾಂಟ್ರಾಕ್ಟ್, ಹಳೆಯ ಸಿಂಗಲ್ ಸ್ಟೇಜ್, ಎದುರು ಮನೆಯಿಂದ ಎರಡು ಸಲ ಕೇಳಿ ತಂದ ಬ್ಯಾಟರಿ ಬ್ಲೋವರ್, ಈಗ ಈ ಹೊಸದು. ಗೆದ್ದಿದ್ದು ಹೊಸದೇ, ಅದನ್ನು ಮುಚ್ಚಿಟ್ಟು ಕುತೂಹಲ ಬೆಳೆಸುವುದಿಲ್ಲ. ಆದರೆ ಅದು ಒಂದು ಭಾನುವಾರ ಬೆಳಗ್ಗೆ ನನ್ನನ್ನು ಅಳಿಸುವುದೊಂದು ಬಾಕಿ ಇಟ್ಟಿತ್ತು. ಆ ಕತೆಗೆ ಆಮೇಲೆ ಬರುತ್ತೇನೆ.

ಮೊದಲು ಕಾಂಟ್ರಾಕ್ಟ್. ಸೀಸನ್‌ಗೆ 450 ಡಾಲರ್. ಮೂರು ಇಂಚು ಬಿದ್ದರೆ ಮಾತ್ರ ಬರುತ್ತಾರೆ. ನಾನು ಆರೂವರೆಗೆ ಮನೆ ಬಿಡಬೇಕು, ಟ್ರಕ್ ಒಂಬತ್ತಕ್ಕೆ ಬರುತ್ತಿತ್ತು. ಅವರದೂ ತಪ್ಪಿಲ್ಲ ಬಿಡಿ, ಅವರ ಪಟ್ಟಿಯಲ್ಲಿ ನನ್ನಂಥ ಎಷ್ಟೋ ಮನೆ. 2022ರ ಆ ಬಿರುಗಾಳಿಯಲ್ಲಂತೂ ರಸ್ತೆಗೆ ಗಾಡಿ ಇಳಿಸುವುದಕ್ಕೇ ನಿಷೇಧ ಇತ್ತು. ಮಧ್ಯಾಹ್ನದ ಪಾಳಿಯವರಿಗೆ, ಮನೆಯಿಂದ ಕೆಲಸ ಮಾಡುವವರಿಗೆ ಇದು ಸಾಕು. ನನಗೆ ಆಗಲಿಲ್ಲ.

ಆಮೇಲೆ 250 ಡಾಲರ್‌ಗೆ ಒಂದು ಸೆಕೆಂಡ್ ಹ್ಯಾಂಡ್ ಸಿಂಗಲ್ ಸ್ಟೇಜ್ ತಂದೆ. ಒಳ್ಳೆಯ ಮಿಶನ್, ಅದರ ಮೇಲೆ ನನಗೆ ಈಗಲೂ ಪ್ರೀತಿ ಇದೆ. ಮುಂದಿರುವ ರಬ್ಬರ್ ಪ್ಯಾಡಲ್ಲುಗಳೇ ಸ್ನೋ ಗುಡಿಸುತ್ತವೆ, ಅವೇ ಎಸೆಯುತ್ತವೆ. ಒಂದೇ ಹಂತ. ರಬ್ಬರ್ ನೆಲಕ್ಕೆ ತಾಗುವುದರಿಂದ ಕಾಂಕ್ರೀಟ್ ಕಾಣುವ ಹಾಗೆ ಕ್ಲೀನ್ ಆಗುತ್ತದೆ. ಐದಾರು ಇಂಚಿನ ಹಗುರ ಸ್ನೋ ಆದರೆ ಇದಕ್ಕಿಂತ ಬೇಗ ಮುಗಿಸುವ ಯಂತ್ರ ಇಲ್ಲ. ಮೆಟ್ಟಿಲ ಮೇಲೆ ಎತ್ತಿಕೊಂಡೂ ಹೋಗಬಹುದು.

ಸೋಲುವುದು ಡ್ರೈವ್‌ವೇ, ಅಂದರೆ ಗ್ಯಾರೇಜಿನಿಂದ ರಸ್ತೆಗೆ ಹೋಗುವ ದಾರಿಯ ಕೊನೆಯಲ್ಲಿ. ನಾವು ಕಷ್ಟಪಟ್ಟು ಎಲ್ಲ ತೆಗೆದು, ಒಳಗೆ ಬಂದು ಕಾಫಿ ಲೋಟ ಕೈಗೆ ತಗೊಳ್ಳುವ ಹೊತ್ತಿಗೆ ಸರಿಯಾಗಿ ಊರಿನ ಪ್ಲೋ ಲಾರಿ ಬರುತ್ತದೆ. ರಸ್ತೆಯ ಸ್ನೋ ಪೂರ್ತಿ ನಮ್ಮ ಡ್ರೈವ್‌ವೇ ಬಾಯಿಗೆ ತಂದು ಸುರಿದು ಹೋಗುತ್ತದೆ. ಅದು ಸ್ನೋ ಅಲ್ಲ. ಉಪ್ಪು, ಕೆಸರು, ಐಸ್ ಗಡ್ಡೆ ಸೇರಿ ಗಟ್ಟಿಯಾದ, ಎರಡು ಅಡಿ ಎತ್ತರದ ಗೋಡೆ. ಸಿಂಗಲ್ ಸ್ಟೇಜ್ ಅದಕ್ಕೆ ಮುಖ ಕೊಟ್ಟರೆ ಮೇಲೆ ಹತ್ತಿ ಕೂರುತ್ತದೆ, ಒಳಗೆ ನುಗ್ಗುವುದಿಲ್ಲ. ಕೊನೆಗೆ ಸಲಿಕೆಯೇ ಗತಿ.

ಸಲಿಕೆ ಯಾಕೆ ಬೇಡ ಅಂತ ಒಂದು ಸಲ ಕೂತು ಲೆಕ್ಕ ಹಾಕಿದೆ. ನಮ್ಮ ಡ್ರೈವ್‌ವೇ 60 ಅಡಿ ಉದ್ದ, 16 ಅಡಿ ಅಗಲ. ಒಂದು ಅಡಿ ಸ್ನೋ ಬಿದ್ದರೆ ಸುಮಾರು 27 ಘನ ಮೀಟರ್. ಹಗುರ ಸ್ನೋ ಅಂತ ಒಂದು ಘನ ಮೀಟರಿಗೆ 100 ಕಿಲೋ ಹಿಡಿದರೂ 2,700 ಕಿಲೋ. ಒದ್ದೆ ಇದ್ದರೆ ಅದರ ಎರಡು ಮೂರು ಪಟ್ಟು. ನನಗೆ 47 ವರ್ಷ, ಬಿಪಿ ಮಾತ್ರೆ ನುಂಗುತ್ತೇನೆ. ಸಲಿಕೆ ಹಿಡಿದು ಹೃದಯಾಘಾತ ಮಾಡಿಕೊಳ್ಳುವವರ ಸುದ್ದಿ ಇಲ್ಲಿ ಪ್ರತಿ ಚಳಿಗಾಲ ಇದ್ದದ್ದೇ. ನನ್ನ ಹೆಂಡತಿ ಡಾಕ್ಟರಲ್ಲ, ಆದರೆ ಈ ವಿಷಯದಲ್ಲಿ ಅವಳದೇ ಕೊನೆಯ ಮಾತು.

ಎದುರು ಮನೆಯವರ ಬ್ಯಾಟರಿ ಬ್ಲೋವರ್ ನೋಡಿ ಹೊಟ್ಟೆಕಿಚ್ಚಾಗಿತ್ತು. ಗುಂಡಿ ಒತ್ತಿದರೆ ಶುರು, ಹೊಗೆ ಇಲ್ಲ, ಬೆಳಗಿನ ಜಾವ ಐದಕ್ಕೆ ಓಡಿಸಿದರೂ ಯಾರೂ ಬೈಯುವುದಿಲ್ಲ. ಅದೂ ಎರಡು ಹಂತದ್ದೇ, ಶಕ್ತಿಗೆ ಕೊರತೆ ಇಲ್ಲ. ಮೊದಲ ಸಲ ಆರು ಇಂಚಿಗೆ ತಂದೆ, ಅದ್ಭುತ. ಎರಡನೇ ಸಲ 14 ಇಂಚು, ಅದೂ ಒದ್ದೆ. ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ, ಸರಿಯಾಗಿ ಆ ಗೋಡೆಯ ಎದುರು, ಎರಡೂ ಬ್ಯಾಟರಿ ಕೈ ಎತ್ತಿದವು. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ, ತಣ್ಣಗಿದ್ದರೆ ಚಾರ್ಜ್ ಕೂಡ ಆಗುವುದಿಲ್ಲ. ಅವರ ಮನೆಯಲ್ಲಿ ಬ್ಯಾಟರಿಗಳು ಅಡುಗೆ ಮನೆಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯ ಪಕ್ಕ ಬೆಚ್ಚಗೆ ಕೂತಿರುತ್ತವೆ. ಬೆಲೆಯೂ ನಾನು ಕೊಟ್ಟಿದ್ದಕ್ಕಿಂತ ನೂರಾರು ಡಾಲರ್ ಜಾಸ್ತಿ. ಚಿಕ್ಕ ಡ್ರೈವ್‌ವೇ ಇದ್ದಿದ್ದರೆ ಕಣ್ಣು ಮುಚ್ಚಿ ಅದನ್ನೇ ತರುತ್ತಿದ್ದೆ.

ಈಗ ನನ್ನದು. ರಿಯಾಯಿತಿ ಕಳೆದು 1,150 ಡಾಲರ್. ಮುಂದಿನ ಕಬ್ಬಿಣದ ಸುರುಳಿ ನಿಧಾನಕ್ಕೆ ತಿರುಗಿ ಸ್ನೋ ಕೊರೆದು ನಡುವಿಗೆ ಎಳೆಯುತ್ತದೆ. ಇದಕ್ಕೆ ಆಗರ್ ಅಂತಾರೆ. ಅದರ ಹಿಂದೆ ಒಂದು ದುಂಡನೆಯ ಗೂಡು. ಗೂಡಿನೊಳಗೆ ಫ್ಯಾನಿನ ಹಾಗಿರುವ ಇಂಪೆಲ್ಲರ್ ಜೋರಾಗಿ ತಿರುಗಿ, ಬಂದ ಸ್ನೋವನ್ನು ಮೇಲಿನ ಕೊಳವೆಯಿಂದ ಎಸೆಯುತ್ತದೆ. ಚಕ್ರಕ್ಕೂ ಎಂಜಿನ್ ಬಲ ಇರುವುದರಿಂದ ನಾವು ತಳ್ಳಬೇಕಾಗಿಲ್ಲ, ಹಿಂದೆ ನಡೆದರೆ ಸಾಕು.

ಮೊದಲ ದಿನ ಹತ್ತು ಇಂಚು ಬಿದ್ದಿತ್ತು. ಟಿಲ್ಲರ್ ಹಿಡಿದು ಬೆಳೆದ ಕೈಗೆ ಪಾಠ ಬೇಕಾಗಲಿಲ್ಲ. ನೆಟ್ಟಗೆ ಆ ಗೋಡೆಗೇ ಹೋದೆ. ಒಂದನೇ ಗೇರ್, ಅರ್ಧ ಅಗಲ ಮಾತ್ರ ಕೊಟ್ಟೆ. ಎಂಜಿನ್ ಒಮ್ಮೆ ಗುರ್ ಎಂದು ದನಿ ತಗ್ಗಿಸಿತು, ನಿಲ್ಲಲಿಲ್ಲ. ಐಸ್ ಗಡ್ಡೆಗಳು ಕಡಕಡ ಎಂದು ಪುಡಿಯಾಗಿ ಅಂಗಳದ ಆಚೆ ಹೋಗಿ ಬಿದ್ದವು. ಎರಡು ವರ್ಷದ ಸೇಡು ಹತ್ತು ನಿಮಿಷದಲ್ಲಿ ತೀರಿತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಸಿ, ಪಕ್ಕದ ಮನೆಯ ಅಜ್ಜನ ಡ್ರೈವ್‌ವೇ ಬಾಯಿಯನ್ನೂ ತೆಗೆದು ಕೊಟ್ಟೆ. ಪೆಟ್ರೋಲ್ ಒಂದು ಲೀಟರ್ ಆಸುಪಾಸು ಹೋಗಿರಬಹುದು.

ಇನ್ನು ಆ ಭಾನುವಾರ.

ಶನಿವಾರ ಸಂಜೆ ಒದ್ದೆ ಸ್ನೋ ಬಿದ್ದಿತ್ತು, ನಮ್ಮ ಅಕ್ಕಿ ಹಿಟ್ಟಿನ ಮುದ್ದೆಯ ಹಾಗೆ ಅಂಟುವಂಥದ್ದು. ತೆಗೆದು ಮುಗಿಸಿ, ಕೈ ಮರಗಟ್ಟಿದ್ದರಿಂದ ಮಿಶನ್ನನ್ನು ಹಾಗೆಯೇ ಗ್ಯಾರೇಜಿಗೆ ನುಗ್ಗಿಸಿ ಬಾಗಿಲು ಹಾಕಿದೆ. ರಾತ್ರಿ ಚಳಿ ಮೈನಸ್ 12 ಡಿಗ್ರಿಗೆ ಇಳಿಯಿತು, ಜೊತೆಗೆ ಇನ್ನೂ ಏಳು ಇಂಚು. ಬೆಳಗ್ಗೆ ಎಂಜಿನ್ ಒಂದೇ ಎಳೆತಕ್ಕೆ ಶುರು. ಚಕ್ರ ಸರಿ. ಆಗರ್ ಲಿವರ್ ಒತ್ತಿದೆ. ಕೀಈಈ ಎಂದು ಕಿರುಚಿತು. ಸುಟ್ಟ ರಬ್ಬರ್ ವಾಸನೆ, ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ಜಾರಿದಾಗ ಬರುತ್ತದಲ್ಲ, ಅದೇ. ತಕ್ಷಣ ಕೈ ಬಿಟ್ಟು ಎಂಜಿನ್ ಆರಿಸಿದೆ. ಸುರುಳಿ ಒಂದು ಇಂಚೂ ಅಲ್ಲಾಡಿರಲಿಲ್ಲ.

ಮೊದಲು ಷಿಯರ್ ಪಿನ್ ನೋಡಿದೆ. ಆಗರ್‌ಗೆ ಕಲ್ಲೋ ದಿನಪತ್ರಿಕೆಯ ಕಟ್ಟೋ ಸಿಕ್ಕಿಕೊಂಡರೆ ಗೇರ್ ಬಾಕ್ಸ್ ಉಳಿಸಲು ತಾನೇ ಮುರಿದುಕೊಳ್ಳುವ ಬೋಲ್ಟ್ ಅದು. ಎರಡೂ ಸರಿಯಾಗಿದ್ದವು. ಪಿನ್ ಸರಿ ಇದ್ದು ಸುರುಳಿ ತಿರುಗದಿದ್ದರೆ ಗೇರ್ ಬಾಕ್ಸೇ ಹೋಯಿತು ಅಂದುಕೊಂಡೆ. ಕೊಂಡು ಮೂರು ವಾರವೂ ಆಗಿರಲಿಲ್ಲ. ಅಂಗಡಿಗೆ ಭಾನುವಾರ ರಜೆ. ಸಿಟ್ಟು ಯಾರ ಮೇಲೆ ತೋರಿಸುವುದು?

ಪಕ್ಕದ ಮನೆಯ ಅಜ್ಜ ಬಂದರು. ಅವರ ಹತ್ತಿರ ಬಣ್ಣ ಪೂರ್ತಿ ಹೋದ, ನನ್ನ ಮಗನ ಎರಡರಷ್ಟು ವಯಸ್ಸಿನ ಬ್ಲೋವರ್ ಇದೆ. ಟಾರ್ಚ್ ಹಾಕಿ ಗೂಡಿನೊಳಗೆ ಇಣುಕಿ ನಕ್ಕರು. ಇಂಪೆಲ್ಲರಿನ ತಳಕ್ಕೆ ಗಾಜಿನಂಥ ಐಸ್. ಎಂಜಿನ್ ಬಿಸಿಗೆ ಒಳಗೆ ಅಂಟಿದ್ದ ಸ್ನೋ ಕರಗಿ, ನೀರು ಗೂಡಿನ ತಳಕ್ಕೆ ಇಳಿದು, ರಾತ್ರಿ ಹೆಪ್ಪುಗಟ್ಟಿ ಬ್ಲೇಡನ್ನು ಹಿಡಿದುಕೊಂಡಿತ್ತು. ಇಂಪೆಲ್ಲರ್ ಮತ್ತು ಆಗರ್‌ಗೆ ಬಲ ಬರುವುದು ಒಂದೇ ಶಾಫ್ಟಿನಿಂದ. ಅದು ಸಿಕ್ಕಿಕೊಂಡರೆ ಎರಡೂ ನಿಂತವು. ಪಿನ್ ಕಾಯುವುದು ಆಗರನ್ನು ಮಾತ್ರ, ಇಂಪೆಲ್ಲರಿಗೆ ಯಾವ ಪಿನ್ನೂ ಇಲ್ಲ. ಪಾಪ, ಬೆಲ್ಟ್ ಸುಡಬೇಕು ಅಷ್ಟೇ.

ಅಜ್ಜ ಹೋದ ಮೇಲೆ ನಾನು ಜಾಣತನ ತೋರಿಸಿದೆ. ಒಂದು ಕೆಟಲ್ ಕುದಿಯುವ ನೀರು ತಂದು ಸುರಿದೆ. ಮೇಲಿನ ಐಸ್ ಕರಗಿತು. ಆ ನೀರು ಮತ್ತೆ ತಳಕ್ಕೇ ಇಳಿಯಿತು. ಮೈನಸ್ 12ರಲ್ಲಿ ಅದು ಏನಾಗಬೇಕೋ ಅದೇ ಆಯಿತು. ಈಗ ಮೊದಲಿಗಿಂತ ಜಾಸ್ತಿ ಐಸ್.

ಕೊನೆಗೆ ಕೀ ಕಿತ್ತು ಜೇಬಿಗೆ ಹಾಕಿಕೊಂಡು, ಹೇರ್ ಡ್ರೈಯರ್ ತಂದೆ. "ರೀ, ಅದಕ್ಕೆ ಪೆಟ್ರೋಲ್ ವಾಸನೆ ಹತ್ತಿದ್ರೆ ಹೊಸದು ತಂದುಕೊಡ್ಬೇಕು" ಅಂದಳು ಹೆಂಡತಿ. ಗ್ಯಾರೇಜಿನಲ್ಲಿ ಮಂಡಿಯೂರಿ, ಒಂದು ಕೈಲಿ ಡ್ರೈಯರ್, ಇನ್ನೊಂದು ಕೈಲಿ ಹಳೆ ಟವೆಲ್ಲು, ಕರಗಿದ ನೀರನ್ನು ಒರೆಸುತ್ತಾ ನಲವತ್ತು ನಿಮಿಷ. ಟವೆಲ್ಲನ್ನು ಕೋಲಿಗೆ ಸುತ್ತಿ ಒರೆಸಿದೆ, ಕೈ ಒಳಗೆ ಹಾಕಲಿಲ್ಲ. ಎಂಜಿನ್ ನಿಂತಿದ್ದರೂ ಬಿಗಿದುಕೊಂಡಿರುವ ಬ್ಲೇಡ್ ಬಿಟ್ಟ ಕ್ಷಣ ಚಿಮ್ಮಬಹುದು. ಬೆರಳು ಕಳೆದುಕೊಂಡವರಲ್ಲಿ ಎಷ್ಟೋ ಜನ ಹೀಗೇ ಕಳೆದುಕೊಂಡಿದ್ದು. ಅಷ್ಟು ಹೊತ್ತಿಗೆ ನಮ್ಮ ಮಗ ಹಳೆಯ ಸಿಂಗಲ್ ಸ್ಟೇಜ್ ತೆಗೆದುಕೊಂಡು ಅರ್ಧ ಡ್ರೈವ್‌ವೇ ಮುಗಿಸಿದ್ದ. ಅವನು ಏನೂ ಹೇಳಲಿಲ್ಲ, ಅದೇ ಹೆಚ್ಚು ಉರಿಯಿತು.

ಸಿಂಗಲ್ ಸ್ಟೇಜಿಗೆ ಈ ರೋಗ ಇಲ್ಲ. ಹಿಂದೆ ಗೂಡು ಇಲ್ಲವಲ್ಲ, ಒಮ್ಮೆ ಕೊಡವಿದರೆ ಸಾಕು. ಬ್ಯಾಟರಿಯ ಟೂ ಸ್ಟೇಜಿಗೆ ಇದೇ ಗೂಡು, ಇದೇ ಐಸ್. ಆದರೆ ಎದುರು ಮನೆಯದಕ್ಕೆ ಸಿಕ್ಕಿಕೊಂಡರೆ ಮೋಟಾರ್ ತಾನಾಗಿ ನಿಂತು ಕೆಂಪು ದೀಪ ತೋರಿಸುತ್ತದೆ. ನನ್ನದು ದೀಪ ತೋರಿಸುವುದಿಲ್ಲ, ಹೊಗೆ ತೋರಿಸುತ್ತದೆ.

ಪರಿಹಾರ ಕಷ್ಟವಲ್ಲ. ಕೆಲಸ ಮುಗಿದ ಮೇಲೆ ಹೊರಗೇ ನಿಂತು, ಖಾಲಿ ಜಾಗದಲ್ಲಿ ಒಂದೆರಡು ನಿಮಿಷ ಆಗರ್ ಓಡಿಸಬೇಕು. ಆಮೇಲೆ ಎಂಜಿನ್ ನಿಲ್ಲಿಸಿ ಒಳಗೆ ಅಂಟಿದ್ದನ್ನು ಉದುರಿಸಬೇಕು. ಮಿಶನ್ ಜೊತೆ ಬರುವ ಪ್ಲಾಸ್ಟಿಕ್ ಸೌಟು ದೊಡ್ಡ ಗಡ್ಡೆಗೆ ಸರಿ, ಮೂಲೆಗೆ ಹೋಗುವುದಿಲ್ಲ. ನನಗೆ ಒದಗಿದ್ದು ಇಂಡಿಯನ್ ಅಂಗಡಿಯ ತೆಂಗಿನ ಕಡ್ಡಿ ಪೊರಕೆ. ಬ್ಲೇಡಿನ ಸಂದುಗೊಂದಿಗೆಲ್ಲ ಹೋಗುತ್ತದೆ, ಚಳಿಗೆ ಪ್ಲಾಸ್ಟಿಕ್ಕಿನ ಹಾಗೆ ಪಟ್ಟನೆ ಮುರಿಯುವುದಿಲ್ಲ. ಒದ್ದೆ ಸ್ನೋ ಬರುವ ಮುಂಚೆ ಗೂಡಿಗೂ ಕೊಳವೆಗೂ ಸಿಲಿಕಾನ್ ಸ್ಪ್ರೇ ಹೊಡೆಯುತ್ತೇನೆ. ದೋಸೆ ಹಂಚಿಗೆ ಎಣ್ಣೆ ಸವರಿದ ಹಾಗೆ. ಬೆಲ್ಟ್ ಬದುಕಿದೆ, ಆದರೂ ಒಂದು ಹೆಚ್ಚಿನದು ತಂದು ಮೊಳೆಗೆ ನೇತು ಹಾಕಿದ್ದೇನೆ.

ಉಳಿದಿದ್ದು ಚಿಕ್ಕಪುಟ್ಟದ್ದು. ಟೂ ಸ್ಟೇಜ್ ನೆಲದ ಮೇಲೆ ತೆಳು ಪದರ ಬಿಡುತ್ತದೆ, ಕಬ್ಬಿಣ ನೆಲಕ್ಕೆ ತಾಗಬಾರದು ಅಂತ ಎತ್ತರಿಸಿರುತ್ತಾರಲ್ಲ. ಜಲ್ಲಿ ಡ್ರೈವ್‌ವೇ ಇದ್ದವರಿಗೆ ಅದೇ ವರ, ಸಿಂಗಲ್ ಸ್ಟೇಜ್ ಅಲ್ಲಿ ಕಲ್ಲು ಎಸೆಯುತ್ತದೆ. ತೂಕ 90 ಕಿಲೋ ಹತ್ತಿರ, ತಿರುಗಿಸಲು ಸೊಂಟ ಬೇಕು. ಸದ್ದು ಜಾಸ್ತಿ. ಗ್ಯಾರೇಜಿನ ಒಳಗೆ ಒಂದು ನಿಮಿಷವೂ ಓಡಿಸಬೇಡಿ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಎಥನಾಲ್ ಇಲ್ಲದ ಪೆಟ್ರೋಲ್ ಹಾಕಿದರೆ ಕಾರ್ಬುರೇಟರ್ ಮುಂದಿನ ವರ್ಷವೂ ಮಾತಾಡುತ್ತದೆ.

ಬೆಳಗ್ಗೆ ಬೇಗ ಹೊರಡುವವರು, ಉದ್ದ ಡ್ರೈವ್‌ವೇ, ಸರೋವರದ ಪಟ್ಟಿಯೊಳಗೆ ಮನೆ ಇದ್ದವರು ಸಾವಿರ ಡಾಲರ್ ಮೇಲೆ ಸ್ವಲ್ಪ ಹಾಕಿ ಇದನ್ನೇ ತನ್ನಿ. ನನಗಂತೂ ಕಾಂಟ್ರಾಕ್ಟ್ ದುಡ್ಡು ಉಳಿದರೆ ಮೂರನೇ ಚಳಿಗಾಲದೊಳಗೆ ಲೆಕ್ಕ ಸರಿಹೋಗುತ್ತದೆ. ಟೊರಾಂಟೋ ಕಡೆಯ ಟೌನ್‌ಹೌಸ್‌ನಲ್ಲಿ, ಎರಡು ಕಾರಿನ ಜಾಗ ಮಾತ್ರ ಇರುವ ನಮ್ಮ ಭಾವನಿಗೆ ಬ್ಯಾಟರಿಯದ್ದೇ ತಗೊಳ್ಳಿ ಅಂತ ಹೇಳಿದ್ದೇನೆ.

ಹಳೆಯ ಸಿಂಗಲ್ ಸ್ಟೇಜ್ ಮಾರೋಣ ಅಂತ ಫೋಟೋ ತೆಗೆದಿಟ್ಟಿದ್ದೆ. ಮಗ ಆ ಭಾನುವಾರದ ಮೇಲೆ ಅದಕ್ಕೆ ಎಣ್ಣೆ ಬದಲಿಸಿ, ತನ್ನ ಸೈಕಲ್ ಪಕ್ಕ ನಿಲ್ಲಿಸಿಕೊಂಡಿದ್ದಾನೆ. ಸದ್ಯಕ್ಕೆ ಮಾರುವುದಿಲ್ಲ.