ಹಳೇ ಯೆಜ್ಡಿಗೆ ಆಮೀಟರ್ ಹಾಕಿಸಲು ಹೊರಟವರು ಮೊದಲು ಇದನ್ನು ಓದಿ

ಹಳೇ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರೆಲ್ಲ ದಯವಿಟ್ಟು ಓದಿ. ಆಮೀಟರ್ (ಬ್ಯಾಟರಿಗೆ ಕರೆಂಟು ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ಅಂತ ತೋರಿಸುವ ಮೀಟರ್), ವೋಲ್ಟ್‌ಮೀಟರ್ ಹಾಕಿಸಬೇಕು ಅಂತ ಯಾವುದಾದರೂ ರಿಸ್ಟೋರೇಷನ್ ಗ್ಯಾರೇಜಿಗೆ ಗಾಡಿ ಬಿಡುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನನ್ನ 1976ರ ಯೆಜ್ಡಿಯ ವೈರಿಂಗ್ ಸುಟ್ಟು ಕರಕಲಾಗಿದೆ. ಹೊಗೆ ಬಂದಿದ್ದು ಟ್ಯಾಂಕ್ ಕೆಳಗಿನಿಂದ. ಆಗ ಟ್ಯಾಂಕ್ ತುಂಬ ಪೆಟ್ರೋಲ್ ಇತ್ತು. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತೆ.

ಮೀಟರ್ ಯಾಕೆ ಬೇಕಿತ್ತು ಅನ್ನೋದು ನಿಮಗೆಲ್ಲ ಗೊತ್ತಿರುವ ಕಥೆ. ಬುಲೆಟ್‌ನವರಿಗೆ ಹೆಡ್‌ಲೈಟ್ ಮೇಲೆ ಕಂಪನಿಯಿಂದಲೇ ಆಮೀಟರ್ ಬರುತ್ತಿತ್ತು. ನಮಗೆ ಇರೋದು ಚಾರ್ಜಿಂಗ್ ಇಲ್ಲದಿದ್ದಾಗ ಹತ್ತುವ ಒಂದು ಕೆಂಪು ದೀಪ. ಹಳೇ 6 ವೋಲ್ಟ್ ಗಾಡಿಯ ಡೈನಮೋ 45 ವ್ಯಾಟ್‌ನದು, ಅಂದರೆ ಪೂರ್ತಿ ಶಕ್ತಿ ಹಾಕಿದರೂ ಏಳೂವರೆ ಆಂಪ್. ಅದರಲ್ಲಿ 35 ವ್ಯಾಟ್ ಹೆಡ್‌ಲೈಟ್ ಒಂದೇ ಸುಮಾರು 6 ಆಂಪ್ ತಿನ್ನುತ್ತೆ. ಟೈಲ್ ಲ್ಯಾಂಪ್, ಕಾಯಿಲ್ ಎಲ್ಲ ಸೇರಿದರೆ ರಾತ್ರಿ ಓಡಿಸುವಾಗ ಬ್ಯಾಟರಿ ತುಂಬುತ್ತಿದೆಯೋ ಖಾಲಿಯಾಗುತ್ತಿದೆಯೋ ಗೊತ್ತೇ ಆಗಲ್ಲ. ಅದಕ್ಕೇ ಮೀಟರ್.

ಬೆಂಗಳೂರಿನಲ್ಲಿ ಒಂದು ಗ್ಯಾರೇಜು. ಹೆಸರು ಬರೆಯಲ್ಲ. ಹಳೇ ಗಾಡಿಗಳನ್ನು ಹೊಳೆಯುವ ಹಾಗೆ ಮಾಡಿ ಫೋಟೋ ಹಾಕುತ್ತಾರೆ, ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತೆ. ನಾನು ಕೇಳಬೇಕಾದ್ದನ್ನೆಲ್ಲ ಕೇಳಿದ್ದೆ. ನನ್ನದು 6 ವೋಲ್ಟ್, ಅದಕ್ಕೆ ಸರಿಹೊಂದುವ ಮೀಟರ್ ಇದೆಯಾ ಅಂದೆ. "ಇದೆ ಸಾರ್." ಒರಿಜಿನಲ್ ವೈರಿಂಗ್ ಕತ್ತರಿಸಬಾರದು ಅಂದೆ. "ಮುಟ್ಟಲ್ಲ ಸಾರ್." ಫ್ಯೂಸ್ ಇರಲೇಬೇಕು ಅಂದೆ. "ಯೆಜ್ಡಿ ವೈರಿಂಗು ಕಣ್ಣು ಮುಚ್ಕೊಂಡು ಮಾಡ್ತೀನಿ ಸಾರ್, ನೀವು ಟೆನ್ಷನ್ ತಗೋಬೇಡಿ." ಒಟ್ಟು 6,500 ರೂಪಾಯಿ, ಪೂರ್ತಿ ಮುಂಗಡ.

ಗಾಡಿ ತರಲು ಹೋದಾಗ ಹ್ಯಾಂಡಲ್ ಮೇಲೆ ಕ್ರೋಮ್ ಕ್ಲಾಂಪ್‌ನಲ್ಲಿ ಎರಡು ಮೀಟರ್. ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆಮೀಟರ್ ಡಯಲ್ ಮೇಲೆ 10-0-10 ಅಂತ ಇತ್ತು, ಅಂದರೆ ಮಧ್ಯ ಸೊನ್ನೆ, ಎರಡೂ ಕಡೆ 10 ಆಂಪ್‌ವರೆಗೆ. ಆದರೆ ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೂ ಸೂಜಿ ಸೊನ್ನೆ ಬಿಟ್ಟು ಅಲುಗಲೇ ಇಲ್ಲ. ಕೇಳಿದೆ. "ಸೂಜಿ ಮಧ್ಯ ನಿಂತ್ರೆ ಚಾರ್ಜಿಂಗ್ ಬ್ಯಾಲೆನ್ಸ್ ಅಂತ ಸಾರ್, ನಿಮ್ಮ ಡೈನಮೋ ಸೂಪರ್." ಇದು ಅರ್ಧ ನಿಜ. ಬರುವ ಕರೆಂಟು, ಹೋಗುವ ಕರೆಂಟು ಸಮ ಇದ್ದರೆ ಸೂಜಿ ಮಧ್ಯ ನಿಲ್ಲೋದು ಹೌದು. ಅರ್ಧ ನಿಜ ಹೇಳಿಯೇ ಅಲ್ವಾ ಇವರು ಮೋಸ ಮಾಡೋದು.

ಆಮೇಲೆ ಕೀ ತೆಗೆದೆ. ವೋಲ್ಟ್‌ಮೀಟರ್ ಸೂಜಿ ಇಳಿಯಲಿಲ್ಲ. ಎದ್ದೇ ನಿಂತಿತ್ತು. ಅದನ್ನೂ ಕೇಳಿದೆ. "ಅದು ಯಾವಾಗ್ಲೂ ಬ್ಯಾಟರಿ ಹೆಲ್ತ್ ತೋರಿಸ್ತಾ ಇರುತ್ತೆ ಸಾರ್, ಪ್ರೀಮಿಯಂ ಫೀಚರ್ ಅದು." ಪ್ರೀಮಿಯಂ ಫೀಚರ್! ಕೀ ಸ್ವಿಚ್ಚಿನ ನಂತರ ಕೊಡಬೇಕಾದ ಕನೆಕ್ಷನ್ ಅನ್ನು ಸೀದಾ ಬ್ಯಾಟರಿಗೆ ಕೊಟ್ಟಿದ್ದಾನೆ. ಗಾಡಿ ನಿಂತಲ್ಲೇ ಹಗಲು ರಾತ್ರಿ ಬ್ಯಾಟರಿ ಹೀರುತ್ತಿದೆ. ಅದಕ್ಕೆ ಇಟ್ಟ ಹೆಸರು ಪ್ರೀಮಿಯಂ ಫೀಚರ್.

ಸ್ವಲ್ಪ ದಿನಕ್ಕೇ ಬ್ಯಾಟರಿ ಮಲಗಿತು. ಫೋನ್ ಮಾಡಿದರೆ "ನಿಮ್ಮ ಬ್ಯಾಟರಿ ಹಳೇದಾಗಿದೆ ಸಾರ್" ಅಂದ. ಹೊಸ 6 ವೋಲ್ಟ್ ಬ್ಯಾಟರಿ ಅವನೇ ಕಳಿಸಿದ, ಅದಕ್ಕೆ ಬೇರೆ ದುಡ್ಡು. ಹೆಡ್‌ಲೈಟ್ ಕೂಡ ಮೊದಲಿಗಿಂತ ಮಂಕಾಗಿತ್ತು. ಅದಕ್ಕೂ ಉತ್ತರ ರೆಡಿ ಇತ್ತು: "6 ವೋಲ್ಟ್ ಅಂದ್ರೆ ಅಷ್ಟೇ ಸಾರ್, 12 ವೋಲ್ಟ್ ಕನ್ವರ್ಷನ್ ಮಾಡಿಸಿಬಿಡಿ, ನಾನೇ ಮಾಡ್ಕೊಡ್ತೀನಿ."

ಆಮೇಲೆ ಆ ಭಾನುವಾರ. ಹಳೇ ಗಾಡಿಯವರೆಲ್ಲ ಸೇರಿದ್ದೆವು. ಟೀ ಅಂಗಡಿ ಮುಂದೆ ಗಾಡಿ ಸ್ಟ್ಯಾಂಡ್ ಹಾಕಿ ಇಳಿಯುತ್ತಿದ್ದ ಹಾಗೆ ಸುಟ್ಟ ವಾಸನೆ. ಹೆಡ್‌ಲೈಟ್ ಡೂಮಿನಿಂದ ಹೊಗೆ, ಹಿಂದೆಯೇ ಟ್ಯಾಂಕ್ ಕೆಳಗಿನಿಂದ ಹೊಗೆ. ಕೀ ಆಫ್ ಮಾಡಿದೆ, ಹೊಗೆ ನಿಲ್ಲಲಿಲ್ಲ. ಎಲ್ಲರೂ ಓಡಿ ಬಂದರು. ಒಬ್ಬರು ಸ್ಪ್ಯಾನರ್ ಹಿಡಿದು ಬ್ಯಾಟರಿ ಟರ್ಮಿನಲ್ ಬಿಚ್ಚಿದರು. ಆಗ ನಿಂತಿತು. ಅಷ್ಟು ಜನರ ಮುಂದೆ ನನ್ನ ಗಾಡಿ ಹೊಗೆ ಕಾರುತ್ತಾ ನಿಂತಿತ್ತು. "ಯಾರಪ್ಪಾ ವೈರಿಂಗ್ ಮಾಡಿದ್ದು?" ಅಂತ ಎಲ್ಲರೂ ಕೇಳುತ್ತಿದ್ದರು. ಮುಖ ಎತ್ತೋಕೆ ಆಗಲಿಲ್ಲ. ಹಿಂದಿನ ವಾರವಷ್ಟೇ ಅವರಿಗೆಲ್ಲ ಮೀಟರ್ ತೋರಿಸಿ ಆ ಗ್ಯಾರೇಜಿನ ನಂಬರ್ ಕೊಟ್ಟಿದ್ದೆ.

ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ, ವೈಂಡಿಂಗ್ ಕೆಲಸ ಮಾಡಿ ಪಳಗಿದವರು. ಅಲ್ಲೇ ಕೂತು ಒಂದೊಂದೇ ಬಿಚ್ಚಿದರು. ಮೊದಲು ನೋಡಿದ್ದು ಫ್ಯೂಸ್. ಗಾಡಿ ವೈರೆಲ್ಲ ಕರಗಿದೆ, ಫ್ಯೂಸ್ ಮಾತ್ರ ಹೊಸದರ ಹಾಗೇ ಇದೆ. ಹೇಗೆ ಸಾಧ್ಯ? ಅವರು ಹೋಲ್ಡರ್ ತಿರುಗಿಸಿ ತೋರಿಸಿದರು. ಹೋಲ್ಡರ್ ಇದೆ, ಒಳಗೆ ಫ್ಯೂಸ್ ಇದೆ, ಆದರೆ ಅದಕ್ಕೆ ಬರುವ ವೈರನ್ನು ಕತ್ತರಿಸಿ ಟೇಪ್ ಸುತ್ತಿ ಒಳಗೆ ಬಚ್ಚಿಟ್ಟಿದ್ದಾರೆ. ಆಮೀಟರ್ ವೈರ್ ಸೀದಾ ಬ್ಯಾಟರಿಯಿಂದ ಬಂದಿದೆ. ನಾನು "ಫ್ಯೂಸ್ ಎಲ್ಲಿ" ಅಂದಾಗ ಆ ಮನುಷ್ಯ ಸೀಟ್ ಎತ್ತಿ "ಇಲ್ಲಿದೆ ನೋಡಿ ಸಾರ್" ಅಂತ ತೋರಿಸಿದ್ದು ಅದೇ ಹೋಲ್ಡರ್. ಕೆಲಸಕ್ಕೆ ಬಾರದ ಫ್ಯೂಸ್ ಅಂತ ಗೊತ್ತಿದ್ದೇ ತೋರಿಸಿದ್ದಾನೆ. ನನಗೆ ಉರಿಯೋದು ಇದೇ. ತಪ್ಪಾಗಿ ಕನೆಕ್ಷನ್ ಕೊಟ್ಟಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದ್ದೇ ತೋರಿಸಿದ್ದಾನೆ!

ಮುಂದಿನದು ಇನ್ನೂ ಇದೆ. ವೋಲ್ಟ್‌ಮೀಟರಿಗೆ ಸಣ್ಣ ವೈರ್ ಸಾಕು, ಆಮೀಟರಿಗೆ ಸಾಲದು. ಬ್ಯಾಟರಿಗೆ ಬರುವ, ಬ್ಯಾಟರಿಯಿಂದ ಹೋಗುವ ಕರೆಂಟೆಲ್ಲ ಆಮೀಟರ್ ಒಳಗಿಂದಲೇ ಹಾದು ಹೋಗಬೇಕು. ಇವನು ಹಾಕಿದ್ದು ಇಂಡಿಕೇಟರಿಗೆ ಹಾಕುವಂಥ ತೆಳು ವೈರು. 12 ವೋಲ್ಟ್ ಗಾಡಿಯಲ್ಲಿ ಅರ್ಧ ವೋಲ್ಟ್ ನಷ್ಟವಾದರೆ ಕಣ್ಣಿಗೆ ಗೊತ್ತಾಗಲ್ಲ, 6 ವೋಲ್ಟಿನಲ್ಲಿ ಗೊತ್ತಾಗುತ್ತೆ. ಹೆಡ್‌ಲೈಟ್ ಮಂಕಾಗಿದ್ದಕ್ಕೆ ಕಾರಣ ಅದು. ಇನ್ನು ಆ ವೈರ್ ಒಳಗೆ ಹೋಗಲು ಒರಿಜಿನಲ್ ಡೂಮಿಗೆ ಡ್ರಿಲ್ ಹಾಕಿ ತೂತು ಕೊರೆದಿದ್ದಾನೆ, ತೂತಿಗೆ ರಬ್ಬರ್ ಬುಷ್ ಕೂಡ ಹಾಕಿಲ್ಲ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಹರಿದು ಒಳಗಿನ ತಂತಿ ಗಾಡಿಯ ಲೋಹಕ್ಕೆ ತಗುಲಿ ಶಾರ್ಟ್ ಆಗಿದೆ. ಫ್ಯೂಸ್ ದಾರಿಯಲ್ಲೇ ಇಲ್ಲ. ಇನ್ನೇನಾಗುತ್ತೆ?

ಕೊನೆಗೆ ಅವರು ಆಮೀಟರಿನ ಗಾಜು ತೆಗೆದು ಉಗುರಿನಿಂದ ಡಯಲ್ ಕೆರೆದರು. 10-0-10 ಅನ್ನೋದು ಸ್ಟಿಕ್ಕರು. ಕೆಳಗೆ 30-0-30. ಟ್ರ್ಯಾಕ್ಟರಿಗೆ ಹಾಕುವ ಮೀಟರು. ನನ್ನ ಡೈನಮೋದಿಂದ ಬ್ಯಾಟರಿಗೆ ಉಳಿಯೋ ಒಂದೆರಡು ಆಂಪಿಗೆ ಅದರ ಸೂಜಿ ಅಲುಗೋದಾದರೂ ಹೇಗೆ? "ಬ್ಯಾಲೆನ್ಸ್" ಅಂದಿದ್ದು ಇದನ್ನು.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇವೇ ಬರುತ್ತವೆ. ಮೊದಲು: "ಹಳೇ ಗಾಡಿ ಸಾರ್, ಹಳೇ ವೈರು, ಹೀಗೆ ಆಗ್ತಾ ಇರುತ್ತೆ." ಸುಟ್ಟಿದ್ದು ನೀನು ಹಾಕಿದ ಹೊಸ ವೈರು ಅಂದೆ. "ನೀವು ಹೆಡ್‌ಲೈಟ್ ಹಾಕ್ಕೊಂಡು ತುಂಬ ಓಡಿಸಿದ್ರಾ?" ರಾತ್ರಿ ಹೆಡ್‌ಲೈಟ್ ಹಾಕದೆ ಹೇಗೆ ಓಡಿಸೋದು? ಸ್ಟಿಕ್ಕರ್ ಫೋಟೋ ಕಳಿಸಿದೆ. "ನಮಗೂ ಹಾಗೇ ಸಪ್ಲೈ ಬಂದಿದೆ ಸಾರ್." ಫ್ಯೂಸ್ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮತ್ತೆ ಕೇಳಿದ್ದಕ್ಕೆ, "ಎಲೆಕ್ಟ್ರಿಕಲ್ ಕೆಲಸಕ್ಕೆ ಗ್ಯಾರಂಟಿ ಇಲ್ಲ, ಬೋರ್ಡ್ ಹಾಕಿದೀವಿ. ಬೇರೆಯವರ ಹತ್ರ ಬಿಚ್ಚಿಸಿದ್ದೀರಾ, ಈಗ ನಾವು ಜವಾಬ್ದಾರಿ ಅಲ್ಲ." ಬೆಂಕಿ ಹತ್ತುತ್ತಿರುವ ಗಾಡಿಯನ್ನು ಬಿಚ್ಚದೆ ಅವನ ಹತ್ತಿರ ತಳ್ಳಿಕೊಂಡು ಹೋಗಬೇಕಿತ್ತಂತೆ. ಬಿಲ್ ಕೇಳಿದ್ದಕ್ಕೆ ನಂಬರ್ ಬ್ಲಾಕ್ ಮಾಡಿದ.

ಈ ಗಾಡಿಗಳನ್ನು ಮಾಡುತ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿದೆ. ಒರಿಜಿನಲ್ ವೈರಿಂಗ್ ಬೇಕಂದರೆ ಯಾರದೋ ಹಳೇ ಸ್ಟಾಕು ಹುಡುಕಬೇಕು. ನನ್ನ ಗಾಡಿಯದು 1976ರಿಂದ ಹಾಗೇ ಉಳಿದುಕೊಂಡು ಬಂದಿತ್ತು. ಈಗ ಮೈಸೂರಿನಲ್ಲಿ ಒಬ್ಬ ಹಳೇ ಮೇಸ್ತ್ರಿ ಹೊಸದಾಗಿ ಹೆಣೆದುಕೊಡುತ್ತಿದ್ದಾರೆ. ಡೂಮಿನ ತೂತಿಗೆ ಅವರೂ ಏನೂ ಮಾಡೋಕಾಗಲ್ಲ.

ಮೀಟರ್ ಹಾಕಿಸಲೇಬೇಕು ಅನ್ನೋರು ದುಡ್ಡು ಕೊಡುವ ಮುಂಚೆ ಇಷ್ಟು ಮಾಡಿ. ಇಂಜಿನ್ ಆಫ್ ಇಟ್ಟು, ಕೀ ಹಾಕಿ ಹೆಡ್‌ಲೈಟ್ ಆನ್ ಮಾಡಿ. ಆಮೀಟರ್ ಸೂಜಿ ಮೈನಸ್ ಕಡೆ ಆರು ಆಂಪ್ ಹತ್ತಿರ ಬೀಳಬೇಕು. ಬೀಳದಿದ್ದರೆ ಮೀಟರ್ ಸುಳ್ಳು, ಅವರು ಏನೇ ಹೇಳಲಿ. ಆಮೇಲೆ ಫ್ಯೂಸ್ ಕಿತ್ತು ಹಾಕಿ. ಕೀ ಇದ್ದರೂ ಇಡೀ ಗಾಡಿ ಸತ್ತ ಹಾಗೆ ಆಗಬೇಕು. ಫ್ಯೂಸ್ ಕಿತ್ತ ಮೇಲೂ ದೀಪ ಉರಿದರೆ ಅಲ್ಲಿಂದ ಕದಲಬೇಡಿ, ಅವರ ಕೈಯಲ್ಲೇ ಎಲ್ಲ ಬಿಚ್ಚಿಸಿ. ಬಿಲ್ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ.

ನನ್ನಿಂದ ಆ ನಂಬರ್ ತೆಗೆದುಕೊಂಡವರು ಯಾರಾದರೂ ಈಗಾಗಲೇ ಅಲ್ಲಿ ಕೆಲಸ ಮಾಡಿಸಿದ್ದರೆ ಇವತ್ತೇ ಬ್ಯಾಟರಿ ಟರ್ಮಿನಲ್ ಬಿಚ್ಚಿಡಿ, ಗಾಡಿಯನ್ನು ಮನೆಯೊಳಗೆ ನಿಲ್ಲಿಸಬೇಡಿ. ಚೆಕ್ ಮಾಡೋಕೆ ಗೊತ್ತಾಗದಿದ್ದರೆ ನನಗೆ ಹೇಳಿ, ಮಲ್ಟಿಮೀಟರ್ ತಗೊಂಡು ನಾನೇ ಬರುತ್ತೇನೆ.