ಹಳೇ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ ಪಿಕಪ್): ಮಹೀಂದ್ರಾ ಬೊಲೆರೊ ಕ್ಯಾಂಪರ್ರಾ, ಟಾಟಾ 207ಆ?
ತೀರ್ಥಹಳ್ಳಿ ಕಡೆಯ ತೋಟಕ್ಕಾದರೆ ಎಂಜಿನ್‌ಗಿಂತ ಮೊದಲು ತುಕ್ಕು ನೋಡಿ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ತಗಡು ತಟ್ಟಿ. ‘ಟಣ್’ ಅನ್ನದೆ ‘ದಪ್’ ಅಂದರೆ ಅಷ್ಟು ಭಾಗ ಕತ್ತರಿಸಿ 18 ಗೇಜ್ ಶೀಟ್ ವೆಲ್ಡ್ ಮಾಡಿಸಬೇಕು. ಬಾಗಿಲಡಿಯ ನೀರಿಳಿಯುವ ತೂತಿಗೆ ತರಗೆಲೆ, ಮಣ್ಣು ಕಟ್ಟಿಕೊಂಡೇ ಅಲ್ಲಿ ಕೊಳೆಯುವುದು. ಇದರಲ್ಲಿ ಎರಡೂ ಗಾಡಿ ಒಂದೇ. ಚಾಸಿಗೆ ಪಟ್ಟಾ (ಲೀಫ್ ಸ್ಪ್ರಿಂಗ್) ಕೂರುವ ಜಾಗವನ್ನೇ ತುಕ್ಕು ತಿಂದಿದ್ದರೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಅಡಿಕೆ ಮೂಟೆ ಹೇರಿ ಡಾಂಬರು ರಸ್ತೆಯಲ್ಲಿ ಏರು ಹತ್ತುವುದೇ ಹೆಚ್ಚಾದರೆ ಟಾಟಾ 207 ಡಿಐ: 2956 ಸಿಸಿ, ಎಳೆತ ಚೆನ್ನ. ಆದರೆ ಎಳೆಯುವುದು ಹಿಂದಿನ ಚಕ್ರ ಮಾತ್ರ. ಮಳೆಗಾಲದ ಜೇಡಿಯಲ್ಲಿ ಖಾಲಿ ಗಾಡಿ ನಿಂತಲ್ಲೇ ಗಿರಗಿರ.

ತೋಟದೊಳಗಿನ ಕೆಸರಿಗೆ ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವ ವ್ಯವಸ್ಥೆ) ಇರುವ ಬೊಲೆರೊ ಕ್ಯಾಂಪರ್ ಹುಡುಕಿ. ಎಂಜಿನ್ 2523 ಸಿಸಿ, ಅನೇಕ ಬಿಡಿಭಾಗ ಬೊಲೆರೊದ್ದೇ ಹೊಂದುತ್ತವೆ. ಫೋರ್ ವೀಲ್ ಹಾಕಿ ನೋಡುವುದು ಮಣ್ಣಿನ ಮೇಲೆ, ಒಣ ಡಾಂಬರಿನ ಮೇಲಲ್ಲ.