ಮಧ್ಯಾಹ್ನದ ಬಿಸಿಲನ್ನು ಎಲ್ಲಿಡೋದು: ಟ್ಯೂಬುಲರ್, ಲಿಥಿಯಂ, ನೀರಿನ ಟ್ಯಾಂಕ್

ನಮ್ಮ ಸಾಗರದ ಕಡೆ ಸೋಲಾರ್ ಹಾಕಿಸುವವರು ಬ್ಯಾಟರಿ ಬಗ್ಗೆ ಮೊದಲು ಕೇಳೋದು "ಎಷ್ಟು ಗಂಟೆ ಬರುತ್ತೆ?" ಅಂತ. ನಾಲ್ಕು ಟ್ಯೂಬುಲರ್ ಬ್ಯಾಟರಿಗಳನ್ನು (ಇನ್ವರ್ಟರ್‌ಗೆ ಹಾಕೋ, ಸೀಸ ಮತ್ತು ಆಸಿಡ್‌ನ ಲೆಡ್-ಆಸಿಡ್ ಬ್ಯಾಟರಿ) ವರ್ಷಗಟ್ಟಲೆ ಬಳಸಿ, ಆಮೇಲೆ ಅದೇ ಪ್ಯಾನಲ್‌ಗಳಿಗೆ ಲಿಥಿಯಂ ಹಾಕಿ ನೋಡಿದ ನನಗೆ ಅದಕ್ಕಿಂತ ಮುಖ್ಯ ಅನಿಸಿರುವ ಪ್ರಶ್ನೆ ಬೇರೆ: ಹನ್ನೊಂದರಿಂದ ಎರಡು ಗಂಟೆಯ ಒಳಗಿನ ಬಿಸಿಲನ್ನು ಬ್ಯಾಟರಿ ಎಷ್ಟು ಬೇಗ ಕುಡಿಯುತ್ತೆ?

ನಮ್ಮ ಅಂಗಳದಲ್ಲಿರೋದು 3 ಕಿಲೋವ್ಯಾಟ್ ಪ್ಯಾನಲ್, 48 ವೋಲ್ಟ್‌ನ ಹೈಬ್ರಿಡ್ ಇನ್ವರ್ಟರ್. ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಯೂನಿಟ್‌ವರೆಗೆ ಕೊಡೋ ತಾಕತ್ತು ಅದಕ್ಕಿದೆ. 150 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬುಲರ್ ಅಂದರೆ ಲೆಕ್ಕಕ್ಕೆ 7.2 ಯೂನಿಟ್. ಆದರೆ ಬಾಳಿಕೆ ಬೇಕಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗೋದು 3.6. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಂಗಡಿಯಲ್ಲಿ ಯಾರೂ ಬಾಯಿಬಿಡದ ವಿಷಯ ಚಾರ್ಜಿಂಗ್ ಕರೆಂಟಿನದು. ಈ ಬ್ಯಾಟರಿಗಳಿಗೆ 15ರಿಂದ 20 ಆಂಪಿಯರ್‌ಗಿಂತ ಹೆಚ್ಚು ತುಂಬುವಂತಿಲ್ಲ, ಅಂದರೆ ಹೆಚ್ಚೆಂದರೆ ಒಂದು ಕಿಲೋವ್ಯಾಟ್. ಮನೆಯಲ್ಲಿ ಬೇರೇನೂ ಓಡದಿದ್ದರೆ ಪ್ಯಾನಲ್ ಕೊಡಬಲ್ಲ ಮೂರರಲ್ಲಿ ಎರಡು ಪಾಲು ಅಲ್ಲೇ ಹೋಯ್ತು.

ಡಿಸ್‌ಪ್ಲೇ ಮುಂದೆ ನಿಂತರೆ ಇದು ಕಣ್ಣಿಗೇ ಕಾಣುತ್ತೆ. ಹತ್ತು ಗಂಟೆಗೆ ಪ್ಯಾನಲ್ ಸಾವಿರ ವ್ಯಾಟ್ ತೋರಿಸ್ತಾ ಇರುತ್ತೆ. ಬ್ಯಾಟರಿ ಮುಕ್ಕಾಲು ತುಂಬಿ ವೋಲ್ಟೇಜ್ 57.6 ಮುಟ್ಟಿದ ಮೇಲೆ ಕರೆಂಟ್ ಇಳಿಯತೊಡಗಿ ಏಳುನೂರು, ನಾನೂರು, ಇನ್ನೂರು ವ್ಯಾಟ್‌ಗೆ ಬರುತ್ತೆ. ಹೊರಗೆ ಅಡಿಕೆ ಒಣಗಿಸೋ ಬಿಸಿಲು ರಣರಣ ಅಂತಿರುತ್ತೆ. ಪ್ಯಾನಲ್ ಕೆಟ್ಟಿಲ್ಲ, ಬ್ಯಾಟರಿಯೂ ಕೆಟ್ಟಿಲ್ಲ. ಕೊನೆಯ ಕಾಲು ಭಾಗವನ್ನು ನಿಧಾನವಾಗಿ ತುಂಬಿಕೊಳ್ಳೋದು ಲೆಡ್-ಆಸಿಡ್‌ನ ಸ್ವಭಾವ. ಬೇಡವಾದ ಕರೆಂಟನ್ನು ಕಂಟ್ರೋಲರ್ ಪ್ಯಾನಲ್‌ನಲ್ಲೇ ತಡೆಯುತ್ತೆ.

ಲಿಥಿಯಂ ಅಂದರೆ ನಾನು ಹೇಳ್ತಿರೋದು ಐರನ್ ಫಾಸ್ಫೇಟ್ ಬಗೆಯದು, 51.2 ವೋಲ್ಟ್, 100 ಆಂಪಿಯರ್-ಅವರ್. ಒಟ್ಟು 5.12 ಯೂನಿಟ್, ಅದರಲ್ಲಿ ನಾಲ್ಕೂವರೆ ಧೈರ್ಯವಾಗಿ ಬಳಸಬಹುದು. ಇದು 50 ಆಂಪಿಯರ್ ಆರಾಮಾಗಿ ತಗೊಳ್ಳುತ್ತೆ, ಅದೂ ಹೆಚ್ಚೂಕಡಿಮೆ ಕೊನೆಯವರೆಗೆ. ಬಿಸಿಲು ಸರಿಯಿದ್ದರೆ ಬೆಳಗಿನ ತಿಂಡಿ ಮುಗಿಸಿ ತೋಟಕ್ಕೆ ಹೋಗಿ ಊಟಕ್ಕೆ ಬರೋದರೊಳಗೆ ಬ್ಯಾಟರಿ ಭರ್ತಿ. ಒಳಗೆ ಹಾಕಿದ್ದರಲ್ಲಿ ವಾಪಸ್ ಸಿಗೋದೂ ಹೆಚ್ಚು: ಲಿಥಿಯಂನಲ್ಲಿ ನೂರಕ್ಕೆ 95ರ ಹತ್ತಿರ, ಟ್ಯೂಬುಲರ್‌ನಲ್ಲಿ 75–80.

ಮಲೆನಾಡಿನವರಿಗೆ ಇನ್ನೊಂದು ಕಾರಣವೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಬ್ಯಾಟರಿ ಪೂರ್ತಿ ತುಂಬೋದೇ ಅಪರೂಪ. ಲೆಡ್-ಆಸಿಡ್ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದರೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತೆ. ನಮ್ಮವು ಪ್ರತಿ ಮಳೆಗಾಲ ಮುಗಿದ ಮೇಲೂ ಸ್ವಲ್ಪ ಸ್ವಲ್ಪ ಸೊರಗಿದವು. ಲಿಥಿಯಂಗೆ ಅರ್ಧ ತುಂಬಿರೋದರಿಂದ ತೊಂದರೆಯಿಲ್ಲ.

ಹಾಗಂತ ಟ್ಯೂಬುಲರ್ ತೆಗೆದುಹಾಕುವಂಥದ್ದಲ್ಲ. ಮೋಟಾರ್ ಶುರುವಾಗುವಾಗಿನ ಎಳೆತವನ್ನು ಅದು ಸಲೀಸಾಗಿ ತಡೆಯುತ್ತೆ. ನಮ್ಮ ಲಿಥಿಯಂ ಮೊದಮೊದಲು ಪಂಪ್ ಹಾಕಿದ ಕ್ಷಣಕ್ಕೇ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯೋ ಸರ್ಕ್ಯೂಟ್) ಕೈಯೆತ್ತಿ ಮನೆಯೆಲ್ಲ ಕತ್ತಲು ಮಾಡುತ್ತಿತ್ತು, ಪಂಪಿಗೆ ಮೋಟಾರನ್ನು ಮೆಲ್ಲಗೆ ಶುರು ಮಾಡಿಸೋ ಸಾಫ್ಟ್ ಸ್ಟಾರ್ಟರ್ ಹಾಕಿಸಿದ ಮೇಲೆ ಆ ಕಾಟ ನಿಂತಿತು. ಟ್ಯೂಬುಲರ್‌ಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಹೈಡ್ರೋಮೀಟರ್ ಹಿಡಿದು ನೋಡಿ, ಯಾವುದು ಸೋತಿದೆ ಅಂತ ನಾವೇ ಕಂಡುಹಿಡಿಯಬಹುದು. ರಿಪೇರಿಗೆ ಪೇಟೆಯಲ್ಲಿ ಜನ ಇದ್ದಾರೆ, ಹಳೆಯದನ್ನು ಗುಜರಿಯವರೂ ಒಳ್ಳೆ ದುಡ್ಡಿಗೆ ತಗೊಳ್ತಾರೆ. ಲಿಥಿಯಂ ಪೆಟ್ಟಿಗೆ ಕೆಟ್ಟರೆ ಬೆಂಗಳೂರಿಗೇ ಕಳಿಸಬೇಕು. ಕರೆಂಟ್ ಹೆಚ್ಚು ಹೊತ್ತು ಇದ್ದು ಆಗೀಗ ಒಂದು ಗಂಟೆ ಹೋಗೋ ಊರಿನವರಿಗೆ ಟ್ಯೂಬುಲರ್ ಸಾಕು. ಸದಾ ತುಂಬಿರೋದೇ ಅದಕ್ಕೆ ಒಗ್ಗುವ ಜೀವನ.

ಬ್ಯಾಟರಿಯೇ ಇಲ್ಲದೆ ಗ್ರಿಡ್‌ಗೆ ಕೊಡೋ ನೆಟ್ ಮೀಟರಿಂಗ್ ನಮ್ಮ ಬಾವನ ಮನೆಯಲ್ಲಿದೆ. ಪೇಟೆಗೆ ಒಳ್ಳೆಯದು. ಆದರೆ ಲೈನ್ ಹೋದ ತಕ್ಷಣ ಆ ಇನ್ವರ್ಟರ್ ತಾನೂ ನಿಲ್ಲುತ್ತೆ. ಕಂಬದ ಮೇಲಿರೋ ಲೈನ್‌ಮನ್ ಜೀವದ ಪ್ರಶ್ನೆ ಅದು, ನಿಲ್ಲಲೇಬೇಕು. ನಡುಮಧ್ಯಾಹ್ನ ಲೈನ್ ಹೋಗೋ ಹಳ್ಳಿಗಳಲ್ಲಿ ಅಷ್ಟೂ ಹೊತ್ತಿನ ಬಿಸಿಲು ದಂಡ.

ಇನ್ನು ನೀರು. ಬಾವಿಯಿಂದ ಗುಡ್ಡದ ಮೇಲಿನ ಟ್ಯಾಂಕಿಗೆ 30 ಮೀಟರ್ ಏರಿಸಬೇಕಾದರೆ ಒಂದು ಯೂನಿಟ್‌ನಲ್ಲಿ ನಾಲ್ಕೈದು ಸಾವಿರ ಲೀಟರ್ ಬರುತ್ತೆ. ಸಂಜೆ ವಾಲ್ವ್ ತಿರುಗಿಸಿದರೆ ತೋಟಕ್ಕೆ ತಾನಾಗಿ ಇಳಿಯುತ್ತೆ. ಅದೇ ನೀರನ್ನು ಇಳಿಸಿ ಮತ್ತೆ ಕರೆಂಟ್ ಮಾಡಹೊರಟರೆ ಕಾಲು ಯೂನಿಟ್ ಸಿಕ್ಕರೆ ಹೆಚ್ಚು. ಆ ಕೆಲಸಕ್ಕೆ ಜಲಾಶಯಗಳೇ ಬೇಕು. ತಲಕಳಲೆ ಮತ್ತು ಗೇರುಸೊಪ್ಪದ ನಡುವೆ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಹೊರಟಿರೋದು ಇದೇ ಲೆಕ್ಕದ ಮೇಲೆ. ಪಾವಗಡದಂಥ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರೋ ರಾಜ್ಯಕ್ಕೆ ಹಗಲಿನ ಕರೆಂಟನ್ನು ಸಂಜೆಗೆ ಸಾಗಿಸೋ ದಾರಿ ಬೇಕೇ ಬೇಕು. ಸಿಂಗಳೀಕಗಳ ಕಾಡನ್ನು ಕೊರೆದು ಆ ದಾರಿ ಮಾಡೋದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮನೆ ಮಟ್ಟದಲ್ಲಿ ನನ್ನ ಆಯ್ಕೆ ಇದು: ಲಿಥಿಯಂ ಒಂದೇ ಪೆಟ್ಟಿಗೆ, ಅದು ತುಂಬಿದ ಮೇಲೆ ಪಂಪು, ವಾಷಿಂಗ್ ಮಷೀನ್, ಗೀಸರ್. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಕಾಯಿಸಲು ಮೂರೂವರೆ ಯೂನಿಟ್ ಬೇಕು. ಅಂದರೆ ಟ್ಯೂಬುಲರ್ ನಾಲ್ಕೂ ಸೇರಿ ಕೊಡುತ್ತಿದ್ದಷ್ಟು ಶಕ್ತಿ ಸ್ನಾನದ ನೀರಲ್ಲೇ ಕೂರುತ್ತೆ. ಎರಡನೇ ಲಿಥಿಯಂ ಪೆಟ್ಟಿಗೆ ಕೊಳ್ಳುವ ದುಡ್ಡಿದ್ದರೆ ಮೊದಲು ದೊಡ್ಡ ನೀರಿನ ಟ್ಯಾಂಕ್ ಕಟ್ಟಿಸಿ. ಮತ್ತೆ, ಕೊಟೇಶನ್ ತಗೊಳ್ಳುವಾಗ ಬ್ಯಾಕಪ್ ಗಂಟೆಯ ಜೊತೆಗೆ ಗರಿಷ್ಠ ಚಾರ್ಜಿಂಗ್ ಕರೆಂಟ್ ಎಷ್ಟು ಆಂಪಿಯರ್ ಅನ್ನೋದನ್ನೂ ಬರೆಸಿಕೊಳ್ಳಿ.